ಬೆನ್ನು ಹುಡುಕಿಕೊಂಡು ಬೇಲೂರಿಗೆ

ಅಂಗಡಿ

ಅರಸೀಕೆರೆಯಲ್ಲೇ ಹುಟ್ಟಿ ಅರಸೀಕೆರೆಗೇ ಸೊಸೆಯಾದ ನನಗೆ ಬೇಲೂರು, ಹಳೇಬೀಡು ಎಂದರೆ ಬಸ್ಸಿನ ಬೋರ್ಡು, ಅಷ್ಟೇ. ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಜನ ಅವನ್ನು ನೋಡಲು ಬರುತ್ತಾರೆ. ನಮ್ಮ ರೈಲು ನಿಲ್ದಾಣದಲ್ಲಿ ಮೂಟೆಯಂಥ ಚೀಲ ಹೊತ್ತು ಇಳಿದ ಪರದೇಶದವರಿಗೆ ಎಷ್ಟೋ ಸಲ ನಾನೇ ಬಸ್ ನಿಲ್ದಾಣದ ದಾರಿ ತೋರಿಸಿದ್ದೇನೆ. ನಾನೂ ಒಮ್ಮೆ ಹೋಗಿ ನೋಡಬೇಕು ಅಂತ ಮಾತ್ರ ಅನ್ನಿಸಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಕೊನೆಗೆ ಹೋದದ್ದೂ ಕಲೆಯ ಮೇಲಿನ ಪ್ರೀತಿಯಿಂದಲ್ಲ, ಹೊಟ್ಟೆಪಾಡಿಗೆ.

ನಮ್ಮದು ಬ್ಲೌಸ್ ಹೊಲಿಯುವ ಅಂಗಡಿ. ಯಜಮಾನಿ ಪುಷ್ಪಕ್ಕ, ಅಳತೆ ತೆಗೆಯುವುದು, ಕತ್ತರಿಸುವುದು ಅವರೇ. ಹೊಲಿಗೆ ಮಿಷನ್ ಮೇಲೆ ಗಂಡಸಿ ಊರಿನ ಚಂದ್ರಿಕಾ. ಮುಂದಿನ ಕೋಣೆಯಲ್ಲಿ ಮಂಚದಂಥ ಚೌಕಟ್ಟಿಗೆ ಬಟ್ಟೆ ಬಿಗಿದು, ತುದಿಗೆ ಕೊಕ್ಕೆಯಿರುವ ಆರಿ ಸೂಜಿಯಲ್ಲಿ ಜರಿ, ಮಣಿ ಕೂರಿಸುವವರು ನಾನು ಮತ್ತು ಮುಮ್ತಾಜ್. ಈಗಿನ ಕಾಲದಲ್ಲಿ ಮದುವೆ ಬ್ಲೌಸ್ ಎಂದರೆ ಬೆನ್ನೇ. ಮುಂದುಗಡೆಯದನ್ನು ಸೆರಗು ಮುಚ್ಚುತ್ತದೆ, ಹಿಂದುಗಡೆಯದನ್ನು ಛತ್ರದಲ್ಲಿ ಕೂತವರೆಲ್ಲ ನೋಡುತ್ತಾರೆ.

ಕಷ್ಟ ಶುರುವಾದದ್ದೂ ಅದರಿಂದಲೇ. ಕಂಪ್ಯೂಟರ್ ಎಂಬ್ರಾಯ್ಡರಿ ಬಂದ ಮೇಲೆ ನಾವು ವಾರವಿಡೀ ಕೂತು ಮಾಡುವ ಕೆಲಸ ಹಾಸನದ ಅಂಗಡಿಗಳಲ್ಲಿ ಒಂದೇ ಹೊತ್ತಿನಲ್ಲಿ ಮುಗಿಯುತ್ತದೆ. ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಜಾರಿದರು. ಪುಷ್ಪಕ್ಕ ಒಂದು ದಿನ ಟೇಪು ಹಿಡಿದು ಮುಂದಿನ ಕೋಣೆಯನ್ನೇ ಅಳೆದರು. ಅಂಥದೇ ಒಂದು ಮಿಷನ್ ತಂದು ಅಲ್ಲಿ ಕೂರಿಸುವ ಯೋಚನೆ. ಏಜೆಂಟ್ ಬಂದು ಜಾಗ ನೋಡಿಕೊಂಡೂ ಹೋಗಿದ್ದ. ಅದು ಬಂದರೆ ನಮ್ಮ ಚೌಕಟ್ಟು ಅಟ್ಟಕ್ಕೆ. ನಾನು, ಮುಮ್ತಾಜ್ ಸೀರೆಗೆ ಫಾಲ್ ಹಚ್ಚುವುದಕ್ಕೆ. ಪುಷ್ಪಕ್ಕ ಕೆಟ್ಟವರಲ್ಲ, ಅಂಗಡಿ ಉಳಿಯಬೇಕಲ್ಲ. ಆದರೂ ಆ ಸೂಜಿ ಹಿಡಿದೇ ನಾನು ಮಗಳನ್ನು ಓದಿಸಿದ್ದು.

ಆ ಹೊತ್ತಿಗೆ ಸರಿಯಾಗಿ ಬಂದವರು ಕೊಬ್ಬರಿ ಮಂಡಿಯವರ ಮನೆಯ ವಿಮಲಮ್ಮ. ಮಗಳ ಮದುವೆ, ಮನೆಯ ಹೆಂಗಸರಿಗೆಲ್ಲ ಬ್ಲೌಸ್ ಆಗಬೇಕು. ನಾವು ಫೋನಿನಲ್ಲಿ ತೋರಿಸಿದ ಡಿಸೈನುಗಳನ್ನು ಬೆರಳಿನಿಂದ ಸರಸರನೆ ಸರಿಸಿ, ಕೊನೆಗೆ ಫೋನನ್ನೇ ಮಗುಚಿ ಇಟ್ಟರು. ನವಿಲು, ಆನೆ, ಬಳ್ಳಿ, ಪಲ್ಲಕ್ಕಿಯಲ್ಲಿ ಕೂತ ಮದುಮಗಳು, ಎಲ್ಲವನ್ನೂ ಎಲ್ಲರ ಬೆನ್ನ ಮೇಲೂ ನೋಡಿ ಸಾಕಾಗಿದೆಯಂತೆ. ಬೇರೆ ಯಾರ ಹತ್ತಿರವೂ ಇಲ್ಲದ್ದು ಬೇಕು. ಅಮಾವಾಸ್ಯೆ ಕಳೆದ ಮಾರನೇ ದಿನ ಬರುತ್ತೇನೆ, ಆಗಲೂ ಮನಸ್ಸಿಗೆ ಬರದಿದ್ದರೆ ಅಷ್ಟೂ ಬಟ್ಟೆ ಹಾಸನಕ್ಕೆ ಎಂದು ಹೇಳಿ ಹೋದರು. ಈ ಆರ್ಡರೂ ಕೈತಪ್ಪಿದರೆ ಮಿಷನ್ ತರಿಸಿಬಿಡುವುದೇ ಎಂದು ಪುಷ್ಪಕ್ಕ ನಮ್ಮ ಎದುರಿಗೇ ಅಂದರು.

ಬೇಲೂರಿಗೆ ಹೋಗೋಣ ಎಂದವಳು ನಾನು. ಅಲ್ಲಿನ ಶಿಲಾಬಾಲಿಕೆಯರ ಮುಖ, ಸೊಂಟ, ಕೈ ಎಲ್ಲವೂ ಕ್ಯಾಲೆಂಡರಿನಲ್ಲಿ ಬಂದಿದೆ. ಬೆನ್ನು ಬಂದಿಲ್ಲ. ಅದನ್ನು ನೋಡಿಕೊಂಡು ಬಂದರೆ ವಿಮಲಮ್ಮ ಏನೂ ಅನ್ನುವ ಹಾಗಿಲ್ಲ ಎಂಬುದು ನನ್ನ ಲೆಕ್ಕಾಚಾರ. ನಮ್ಮೂರಿನ ಶಿವಾಲಯವೂ ಹೊಯ್ಸಳರದೇ, ಆದರೆ ಅದನ್ನು ಅವರು ಪ್ರತಿ ಸೋಮವಾರ ಸುತ್ತುತ್ತಾರೆ. ಅಲ್ಲಿ ಅವರು ಕಾಣದ ಕಲ್ಲಿಲ್ಲ. ಅಮಾವಾಸ್ಯೆಯ ದಿನ ನಮ್ಮ ಅಂಗಡಿಯಲ್ಲಿ ಹೊಸ ಬಟ್ಟೆಗೆ ಕತ್ತರಿ ಹಾಕುವುದಿಲ್ಲವಾದ್ದರಿಂದ ರಜ. ಅಂದೇ ಹೊರಡುವುದೆಂದಾಯಿತು. ಅಮಾವಾಸ್ಯೆ ದಿನ ಯಾರಾದರೂ ಊರು ಬಿಡುತ್ತಾರಾ ಎಂದು ನಮ್ಮ ಅತ್ತೆ ಮುಖ ಊದಿಸಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಹೇಳಿ ಚಪ್ಪಲಿ ಮೆಟ್ಟಿದೆ.

ಬಸ್ಸು

ನಮ್ಮ ಬಸ್ ನಿಲ್ದಾಣದಲ್ಲಿ ಸೀಟು ಹಿಡಿಯುವುದೂ ಒಂದು ವಿದ್ಯೆ. ಬಸ್ಸು ನಿಲ್ಲುವ ಮುಂಚೆಯೇ ಚಂದ್ರಿಕಾ ಕಿಟಕಿಯಿಂದ ಕರ್ಚೀಫು ಹಾಕಿದಳು. ನಾವು ಹತ್ತಿ ನೋಡಿದರೆ ಕರ್ಚೀಫಿನ ಮೇಲೆ ಒಬ್ಬ ಅಜ್ಜಿ ತಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆಮ್ಮದಿಯಾಗಿ ಕೂತಿದ್ದರು. ಕರ್ಚೀಫು ಕೇಳಿದರೆ, ಬೇಲೂರಲ್ಲಿ ಇಳಿಯುವಾಗ ಕೊಡುತ್ತೇನೆ, ಈಗ ಏಳಲಾರೆ ಎಂದರು. ಹೆಂಗಸರೆಲ್ಲ ಪುಕ್ಕಟೆ ಟಿಕೆಟ್ಟಿಗೆ ಆಧಾರ್ ಕಾರ್ಡು ಎತ್ತಿ ಹಿಡಿದು ನಿಂತಿದ್ದೆವು. ಕಂಡಕ್ಟರ್ ಪುಷ್ಪಕ್ಕನ ಹತ್ತಿರ ಬಂದವರು ಅವರ ಕುತ್ತಿಗೆ ನೋಡಿ, ಬಸ್ಸಿಗೂ ಒಂದು ಅಂಗಿ ಹೊಲಿಯುತ್ತೀರಾ ಎಂದು ಕೇಳಿದರು. ಆಗಲೇ ನಮಗೂ ಕಂಡದ್ದು. ಪುಷ್ಪಕ್ಕ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಮನೆಯಿಂದ ಹೊರಟುಬಂದಿದ್ದರು. ಇಷ್ಟು ವರ್ಷದ ಅಭ್ಯಾಸ, ತಾಳಿಯ ಜೊತೆಗೆ ಅದೂ ಒಂದು ಸರವಾಗಿದೆ.

ಜಾವಗಲ್ ದಾಟಿದ ಮೇಲೆ ನಿಲ್ಲಲು ಕಾಲಿಗೆ ಜಾಗ ಸಿಕ್ಕಿತು. ಕಿಟಕಿಯಾಚೆ ತೆಂಗು, ರಾಗಿ, ಮತ್ತೆ ತೆಂಗು. ಮುಮ್ತಾಜ್ ನಿಂತುಕೊಂಡೇ ಕೈಚೀಲದಿಂದ ಒಂದು ಸಣ್ಣ ಬಳೆಚೌಕಟ್ಟು ತೆಗೆದು, ಅದಕ್ಕೆ ಬಿಗಿದಿದ್ದ ಬಟ್ಟೆಯ ತುಂಡಿನ ಮೇಲೆ ಸಾದಾ ಸೂಜಿ ಓಡಿಸತೊಡಗಿದಳು. ಅವಳಿಗೆ ಬೆರಳು ಸುಮ್ಮನಿದ್ದರೆ ತಲೆನೋವು ಬರುತ್ತದೆ. ದಾರಿಯಲ್ಲಿ ಹಳೇಬೀಡು ಬಂತು, ಅಲ್ಲಿಳಿಯೋಣ ಎಂದೆ. ಬೇಲೂರಿನ ದೇವರು ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತಾನೆ, ಮೊದಲು ಅವನು ಎಂದು ಪುಷ್ಪಕ್ಕ ನನ್ನನ್ನು ತಡೆದರು.

ಬೇಲೂರು

ಗೋಪುರ ದಾಟಿ ಒಳಗೆ ಕಾಲಿಟ್ಟಾಗ ನಾನು ಬಂದ ಕೆಲಸವನ್ನೇ ಮರೆತೆ. ಹೇಳಲು ನಾಚಿಕೆಯೇನಿಲ್ಲ, ಕಣ್ಣಲ್ಲಿ ನೀರು ಬಂತು. ಇಡೀ ಗುಡಿ ಒಂದು ಕಡೆಯೂ ಬೋಳು ಬಿಡದೆ ಕೆಲಸ ಮಾಡಿದ ಬಟ್ಟೆಯ ಹಾಗಿತ್ತು. ಮುಮ್ತಾಜ್ ನನ್ನ ತೋಳು ಹಿಡಿದು, ಎಷ್ಟು ಜನರ ಕಣ್ಣು ಹೋಗಿರಬೇಕು ರತ್ನಕ್ಕ ಎಂದಳು. ನಮ್ಮ ಕೆಲಸದವರಿಗೆ ಮೊದಲು ಹೊಳೆಯುವುದು ಅದೇ.

ಗೈಡ್ ಬೇಡವೆಂದು ಪುಷ್ಪಕ್ಕ ಬಿಗಿಯಾಗಿ ಹೇಳಿ, ಆಮೇಲೆ ಬೇರೆಯವರ ಗೈಡಿನ ಹಿಂದೆಯೇ ನಮ್ಮನ್ನು ನಡೆಸಿದರು. ಆತ ಕೋಲೆತ್ತಿ ಸೂರಿನ ಕೆಳಗಿನ ಕನ್ನಡಿ ಹಿಡಿದವಳನ್ನು ತೋರಿಸಿದರೆ, ಆ ಗುಂಪು ಅವಳ ಮುಖ ನೋಡುತ್ತಿತ್ತು. ನಾವು ನಾಲ್ಕೂ ಜನ ಪಕ್ಕಕ್ಕೆ ಸರಿದು, ಕುತ್ತಿಗೆ ತಿರುಚಿ, ಅವಳ ಹಿಂದೆ ಇಣುಕುತ್ತಿದ್ದೆವು. ಹಿಂದೆ ಏನಿದೆ? ಗೋಡೆ. ಬೇಟೆಯವಳ ಹಿಂದೆಯೂ ಗೋಡೆ, ಕುಣಿಯುವವಳ ಹಿಂದೆಯೂ ಗೋಡೆ. ಅಷ್ಟೂ ಹೆಂಗಸರು ಬೆನ್ನನ್ನು ಕಲ್ಲಿಗೆ ಕೊಟ್ಟು ನಿಂತಿದ್ದರು. ಕ್ಯಾಲೆಂಡರಿನವರು ಬೆನ್ನನ್ನು ಯಾಕೆ ಅಚ್ಚು ಹಾಕಿಲ್ಲವೆಂದು ಆಗ ಗೊತ್ತಾಯಿತು.

ಅದು ಸಾಲದೆಂಬಂತೆ ಚಂದ್ರಿಕಾ ನನ್ನ ಕಿವಿಯ ಹತ್ತಿರ ಬಂದಳು. "ಅಕ್ಕ, ಇವ್ರು ಯಾರೂ ಬ್ಲೌಸೇ ಹಾಕಿಲ್ವಲ್ಲ?"

ತಲೆಯೆತ್ತಿ ಮತ್ತೊಮ್ಮೆ ಒಬ್ಬೊಬ್ಬರನ್ನೇ ನೋಡಿದೆ. ಸರ, ಸರದ ಮೇಲೆ ಸರ, ತೋಳಬಂದಿ, ಡಾಬು. ಬ್ಲೌಸ್ ಹಾಕಿಕೊಂಡವಳು ನಮ್ಮ ಕಣ್ಣಿಗಂತೂ ಬೀಳಲಿಲ್ಲ. ಬ್ಲೌಸಿನ ಡಿಸೈನು ಹುಡುಕಿಕೊಂಡು ಇಷ್ಟು ದೂರ ಬಂದ ನಾಲ್ಕು ಜನ ಬ್ಲೌಸ್ ಹೊಲಿಯುವವರು ಆ ಅಂಗಳದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕವರು ಪುಷ್ಪಕ್ಕ. ಆಮೇಲೆ ನಿಲ್ಲಿಸಲಾಗದೆ ಎಲ್ಲರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆವು.

ನಗು ಇಳಿದ ಮೇಲೆ ಪುಷ್ಪಕ್ಕನ ಕೈ ತಾನಾಗಿಯೇ ಟೇಪಿಗೆ ಹೋಯಿತು. ಕೆಳಗಿನ ಸಾಲಿನ ಒಂದು ಹೆಣ್ಣು ವಿಗ್ರಹದ ಭುಜಕ್ಕೆ, ಮುಟ್ಟದೆ ಗಾಳಿಯಲ್ಲೇ ಹಿಡಿದು, ಇವಳಿಗೆ ರೆಡಿಮೇಡ್ ಆಗುವುದಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಸೀಟಿ ಊದಿಕೊಂಡು ಕಾವಲುಗಾರ ಓಡಿಬಂದ. ಅಳೆಯುವುದಕ್ಕೆ ಯಾರ ಅಪ್ಪಣೆ, ಯಾವ ಇಲಾಖೆ ಎಂದೆಲ್ಲ ಕೇಳಿದ. ಟೈಲರು ಎಂದರೆ ನಂಬಲಿಲ್ಲ. ಕೊನೆಗೆ ಅವನ ಶರ್ಟಿನ ತೋಳು ಒಂದು ಗೇಣು ಉದ್ದವಿದೆ, ಬಿಚ್ಚಿ ಸರಿಮಾಡಿಸಿಕೊಳ್ಳಪ್ಪ ಎಂದು ಪುಷ್ಪಕ್ಕ ಹೇಳಿದ ಮೇಲೆ ನಂಬಿ ಬಿಟ್ಟ.

ಒಂದು ಮೂಲೆಯಲ್ಲಿ ಪರದೇಶದ ಹೆಂಗಸೊಬ್ಬಳು ಮಡಚುವ ಸ್ಟೂಲಿನ ಮೇಲೆ ಕೂತು ಒಂದೇ ಒಂದು ಕಂಬವನ್ನು ಬರೆಯುತ್ತಿದ್ದಳು. ನಾವು ಬಂದಾಗಲೂ ಅದೇ ಕಂಬ, ಹೊರಡುವಾಗಲೂ ಅದೇ ಕಂಬ. ನಾವಾದರೆ ಮೂರು ಸುತ್ತು ಹಾಕಿ, ಗಲ್ಲ ಬಡಿದುಕೊಂಡು, ತೀರ್ಥ ತೆಗೆದುಕೊಂಡರೆ ದೇವಸ್ಥಾನ ಮುಗಿಯಿತು. ಅವಳ ಹಾಗೆ ಕೂರಬೇಕು ಎಂದು ನನಗೆ ಆಸೆಯಾಯಿತು. ನಾವು ಪಕ್ಕದಿಂದ ಹಾದುಹೋಗುವಾಗ ಅವಳು ಪೆನ್ಸಿಲ್ ಇಟ್ಟು ಎದ್ದು, ಕೈಸನ್ನೆಯಲ್ಲೇ ಕೇಳಿ, ಪುಷ್ಪಕ್ಕನ ಬ್ಲೌಸಿನ ಬೆನ್ನಿನ ಫೋಟೋ ತೆಗೆದುಕೊಂಡಳು. ಅದು ಮುಮ್ತಾಜ್ ಮಾಡಿದ ಕೆಲಸ. ಪುಷ್ಪಕ್ಕ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಊಟಕ್ಕೆ ಕೂತಾಗ ಯಾರಿಗೂ ನಗು ಇರಲಿಲ್ಲ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿ ಮರದ ನೆರಳಿನಲ್ಲಿ ತಿಂದೆವು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು, ನಮಗೆ ಇಲಿಯೂ ಸಿಗಲಿಲ್ಲ ಎಂದರು ಪುಷ್ಪಕ್ಕ. ಹೇಗೂ ಬಂದಿದ್ದೇವೆ, ದೇವರ ದರ್ಶನವಾಯಿತು, ಊರಿಗೆ ಹೋಗೋಣ, ಮಿಷನ್ ವಿಷಯ ನಾಳೆ ಮಾತಾಡೋಣ ಎಂದೂ ಅಂದರು. ಮುಮ್ತಾಜ್ ತಲೆತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ಹಳೇಬೀಡು ನೋಡದೆ ನಾನು ಊರಿನ ಬಸ್ಸು ಹತ್ತುವುದಿಲ್ಲ ಎಂದು ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಹಳೇಬೀಡು

ಮಧ್ಯಾಹ್ನದ ಬಿಸಿಲಿಗೆ ಹಳೇಬೀಡಿನ ಜಗಲಿ ಕಾದ ಹೆಂಚಾಗಿತ್ತು. ಚಪ್ಪಲಿ ಹೊರಗೆ ಬಿಟ್ಟವರೆಲ್ಲ ಕುಣಿಯುತ್ತಲೇ ಕಲೆ ನೋಡುತ್ತಿದ್ದರು. ಉತ್ತರದ ಕಡೆಯಿಂದ ಬಂದ ಕುಟುಂಬವೊಂದು ಇದಕ್ಕೆಂದೇ ಕಾಲುಚೀಲ ತಂದಿತ್ತು. ನಾವು ನೆರಳಿನಿಂದ ನೆರಳಿಗೆ ಹಾರುತ್ತ ಗೋಡೆ ಸುತ್ತಿದೆವು. ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಒಂದು ಆನೆಯ ಹಾಗೆ ಇನ್ನೊಂದು ಆನೆ ಇಲ್ಲ. ಚೆಂದವೆಂದರೆ ಚೆಂದ, ಆದರೆ ಆನೆ, ಬಳ್ಳಿ ಎಂದರೆ ವಿಮಲಮ್ಮ ಫೋನು ಮಗುಚುತ್ತಾರೆ. ಇಲ್ಲಿನ ಹೆಂಗಸರದೂ ಅದೇ ಕಥೆ, ಗೋಡೆಗೆ ಬೆನ್ನು.

ಕಾಲು ಉರಿ ತಾಳಲಾರದೆ ನಾನು ನಂದಿಯ ಮಂಟಪಕ್ಕೆ ಓಡಿದೆ. ಅಲ್ಲಿ ಕಲ್ಲು ತಣ್ಣಗಿತ್ತು. ಆಳೆತ್ತರದ ಬಸವಣ್ಣ ಕಾಲು ಮಡಚಿ ಕೂತಿದ್ದ. ಕೈಮುಗಿದು, ಅಭ್ಯಾಸದಂತೆ ಪ್ರದಕ್ಷಿಣೆಗೆ ಹೊರಟವಳು ಹಿಂದಕ್ಕೆ ಬಂದಾಗ ನಿಂತುಬಿಟ್ಟೆ. ಬೆಳಗಿನಿಂದ ನೋಡಿದವರಲ್ಲಿ ಸುತ್ತಲೂ ತಿರುಗಿ ನೋಡಬಹುದಾದವನು ಇವನೊಬ್ಬನೇ. ಕುತ್ತಿಗೆಗೆ ಒಂದರ ಕೆಳಗೊಂದು ಗಂಟೆಯ ಸರ. ಡುಬ್ಬವನ್ನು ಬಳಸಿ ಬೆನ್ನಿನ ಮೇಲೆ ಹಾದು ಎರಡೂ ಪಕ್ಕಕ್ಕೆ ಇಳಿದ ಪಟ್ಟಿ, ಪಟ್ಟಿಯ ತುಂಬ ಹೂವು, ಅಂಚಿಗೆ ಗೆಜ್ಜೆ. ನನ್ನ ಕಣ್ಣಿಗೆ ಅದರ ಮೇಲೆ ಜರಿ, ಮಣಿ ಎಲ್ಲ ಆಗಲೇ ಕೂತಿತ್ತು.

ಕರೆದು ತೋರಿಸಿದೆ. ಮುಮ್ತಾಜ್ ಬಗ್ಗಿ ನೋಡಿ ತಲೆಯಾಡಿಸಿದಳು. ಪುಷ್ಪಕ್ಕ ಸೊಂಟಕ್ಕೆ ಕೈಯಿಟ್ಟರು.

"ಮದ್ವೆ ಹೆಣ್ಣಿಗೆ ಎತ್ತಿನ ಸಿಂಗಾರ ಹಾಕಿಸ್ತೀಯೇನೇ?"

"ಎತ್ತಲ್ಲ ಪುಷ್ಪಕ್ಕ, ಬಸವಣ್ಣ."

ಪುಷ್ಪಕ್ಕ ಸೊಂಟದ ಕೈ ಇಳಿಸಿ ಹತ್ತಿರ ಬಂದು ನೋಡಿದರು. ತಂದಿದ್ದ ಟ್ರೇಸಿಂಗ್ ಪೇಪರನ್ನು ಕಲ್ಲಿನ ಮೇಲೆ ಇಡಲು ಹೋದೆ, ಅಲ್ಲಿಯ ಕಾವಲುಗಾರ ಮುಟ್ಟುವ ಹಾಗಿಲ್ಲ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಚಂದ್ರಿಕಾ ಫೋಟೋ ತೆಗೆದಳು. ಒಳಗೆ ನೆರಳು, ಹೊರಗೆ ಬಿಸಿಲು, ಗೆಜ್ಜೆಯೆಲ್ಲ ಮಸಿಯಾಗಿ ಬಂತು. ನೋಡಿ ಬರೆದುಕೊಳ್ಳೋಣವೆಂದರೆ ನನಗೆ ಪೆನ್ಸಿಲ್ ಹಿಡಿದು ಗೊತ್ತಿಲ್ಲ. ಅಚ್ಚು ಹಾಕಿದ ಗೆರೆಯ ಮೇಲೆ ಸೂಜಿ ಓಡಿಸುವವಳು ನಾನು. ನಾನು ಬರೆದ ಗೆಜ್ಜೆ ನೋಡಿ ಚಂದ್ರಿಕಾ ಬದನೆಕಾಯಿಯಾ ಎಂದು ಕೇಳಿದಳು. ಪೆನ್ಸಿಲ್ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಪುಷ್ಪಕ್ಕ ಆಡಿಕೊಂಡರು.

ಆಗ ಮುಮ್ತಾಜ್ ಕೈಚೀಲದಿಂದ ಬಳೆಚೌಕಟ್ಟು ತೆಗೆದಳು. ಬಸ್ಸಿನಲ್ಲಿ ಮಾಡುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಚೀಲದ ಮಡಿಕೆಯಲ್ಲಿದ್ದ ಅರಿಶಿನ ಬಣ್ಣದ ಒಂದು ತುಂಡನ್ನು ಬಿಗಿದು, ಆರಿ ಸೂಜಿಯನ್ನು ನನ್ನ ಕೈಗಿಟ್ಟಳು. "ಬರೆಯೋದ್ಯಾಕೆ ರತ್ನಕ್ಕ? ನೋಡ್ಕೊಂಡು ಸೀದಾ ಹಾಕು. ನಾನು ಹಿಡ್ಕೋತೀನಿ."

ಗೆರೆಯಿಲ್ಲದೆ ಸೂಜಿ ಚುಚ್ಚಿದ್ದು ಅದೇ ಮೊದಲು. ಬಸವಣ್ಣನ ಹಿಂದೆ ನೆಲದ ಮೇಲೆ ಕೂತೆವು. ಆರಿ ಕೆಲಸದಲ್ಲಿ ಒಂದು ಕೈ ಬಟ್ಟೆಯ ಮೇಲೆ ಸೂಜಿ ಹಿಡಿದರೆ ಇನ್ನೊಂದು ಕೈ ಕೆಳಗಿನಿಂದ ದಾರ ಕೊಡಬೇಕು. ಚೌಕಟ್ಟು ಅಲುಗಿದರೆ ಸರಪಳಿ ಹೊಲಿಗೆ ತಪ್ಪುತ್ತದೆ. ಮುಮ್ತಾಜ್ ಎರಡೂ ಮೊಣಕಾಲುಗಳ ನಡುವೆ ಅದನ್ನು ಬಿಗಿಹಿಡಿದು ಕಲ್ಲಾಗಿ ಕೂತಳು. ಮೊದಲ ಗೆಜ್ಜೆ ಕೆಟ್ಟಿತು, ಬಿಚ್ಚಿದೆ. ಎರಡನೆಯದೂ ಕೆಟ್ಟಿತು. ಆಮೇಲೆ ಕೈ ಬಂತು. ತಲೆಯೆತ್ತಿ ನೋಡುವುದು, ತಲೆತಗ್ಗಿಸಿ ಹಾಕುವುದು. ಶಾಲಾ ಮಕ್ಕಳ ಗುಂಪೊಂದು ಬಂದು ಬಸವಣ್ಣನಿಗಿಂತ ನಮ್ಮನ್ನೇ ಹೆಚ್ಚು ಹೊತ್ತು ನೋಡಿತು. ನನಗೆ ಕಣ್ಣು ಮಂಜಾದಾಗ ಮುಮ್ತಾಜ್ ಸೂಜಿ ತೆಗೆದುಕೊಂಡಳು, ನಾನು ಹಿಡಿದೆ.

ಬಿಸಿಲು ಮಂಟಪದ ಕಂಬ ದಾಟಿ ಒಳಗೆ ಬಂತು. ಅರಸೀಕೆರೆ ಬಸ್ಸಿನ ಹೊತ್ತಾಯಿತೆಂದು ಪುಷ್ಪಕ್ಕ ಎದ್ದರು. ಇಷ್ಟು ಸಾಕು, ಮಿಕ್ಕದ್ದನ್ನು ಮನೆಯಲ್ಲಿ ಅಂದಾಜಿನ ಮೇಲೆ ಹಾಕು ಎಂದರು. ಡುಬ್ಬ ಬಳಸುವ ಕಡೆ ಪಟ್ಟಿ ತಿರುಗುವುದು ಇನ್ನೂ ಬಾಕಿ ಇತ್ತು. ಆ ತಿರುವೇ ಇದರ ಜೀವ.

"ನೀವು ಹೋಗಿ ಪುಷ್ಪಕ್ಕ. ಇದನ್ನ ಮುಗಿಸದೆ ನಾನು ಏಳಲ್ಲ."

"ಬಸ್ಸು ಹೋದ್ರೆ ಏನೇ ಮಾಡ್ತೀಯ?"

"ಬಸ್ಸು ನಾಳೆನೂ ಬತ್ತದೆ. ವಿಮಲಮ್ಮ ನಾಳೆ ಬಿಟ್ರೆ ಬರಲ್ಲ. ಫಾಲ್ ಹಚ್ಕೊಂಡು ಕೂರೋಕೆ ನನಗಾಗಲ್ಲ."

ದನಿ ಸ್ವಲ್ಪ ಜೋರಾಯಿತೇನೋ. ಪುಷ್ಪಕ್ಕ ಚಂದ್ರಿಕಾಳನ್ನು ನೀರು ತರಲು ಕಳಿಸಿ, ತಾವು ಬಿಸಿಲಿಗೆ ಅಡ್ಡವಾಗಿ ಸೆರಗು ಹರಡಿ ನಿಂತರು. ಬಟ್ಟೆಯ ಮೇಲೆ ನೆರಳು ಬಿತ್ತು. ಕಾವಲುಗಾರ ಬಂದು ಹೊರಡಿ ಎನ್ನುವವರೆಗೂ ಅವರು ಹಾಗೇ ನಿಂತಿದ್ದರು.

ವಾಪಸು

ತಿರುವು ಮುಗಿದಿತ್ತು, ಆ ಬಸ್ಸು ಹೋಗಿತ್ತು. ಮುಂದಿನದಕ್ಕೆ ಕಾಯುತ್ತ ನಿಲ್ದಾಣದಲ್ಲಿ ಚುರುಮುರಿ ತಿಂದೆವು. ಅತ್ತೆಗೆ ಫೋನ್ ಮಾಡಿ ದೀಪ ನೀವೇ ಹಚ್ಚಿಬಿಡಿ ಎಂದೆ. ಅಮಾವಾಸ್ಯೆ ಪ್ರಯಾಣದ ಫಲ ಈಗ ಗೊತ್ತಾಯಿತಾ ಎಂದರು ಅವರು, ಬಹಳ ಸಂತೋಷದಿಂದ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಂಗೈಯಗಲದ ಆ ಕೆಲಸ ನಾಲ್ಕೂ ಜನರ ಕೈ ಸುತ್ತಿತು. ಚೆನ್ನಾಗಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ವಿಮಲಮ್ಮನಿಗೆ ಏನೆಂದು ಹೇಳುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಎತ್ತಿನ ಮೈಮೇಲಿನದು ಎಂದರೆ ಅವರು ಎದ್ದು ಹೋಗುತ್ತಾರೆ ಎಂದು ಚಂದ್ರಿಕಾ. ಹೊಯ್ಸಳರ ಕಾಲದ್ದು ಎಂದಷ್ಟೇ ಹೇಳು, ಯಾರು ತೊಟ್ಟದ್ದು ಎಂದು ಅವರು ಕೇಳುವುದಿಲ್ಲ, ನಾವೂ ಹೇಳುವುದು ಬೇಡ ಎಂದು ಪುಷ್ಪಕ್ಕ. ಅದು ಸುಳ್ಳೇನಲ್ಲ. ಆದರೂ ಮಧ್ಯಾಹ್ನವೆಲ್ಲ ಅವನ ಹಿಂದೆ ಕೂತಿದ್ದವಳಿಗೆ ಅವನ ಹೆಸರನ್ನು ಮುಚ್ಚಿಡುವುದು ಸರಿಕಾಣಲಿಲ್ಲ.

ಮಾರನೇ ದಿನ

ವಿಮಲಮ್ಮ ಬೆಳಿಗ್ಗೆಯೇ ಬಂದರು. ಬಳೆಚೌಕಟ್ಟನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬೆರಳು ಫೋನಿನ ಮೇಲೆ ಓಡಿದ ಹಾಗೆ ಓಡಲಿಲ್ಲ. ಡುಬ್ಬದ ತಿರುವಿನಲ್ಲಿ ನಿಂತಿತು. ಇದನ್ನು ಎಲ್ಲೂ ನೋಡಿಲ್ಲ, ಯಾವ ವಿಗ್ರಹದ್ದು ಎಂದು ಕೇಳಿದರು. ಅವರು ಕೇಳುವುದಿಲ್ಲ ಎಂದಿದ್ದ ಪುಷ್ಪಕ್ಕ, ಹಳೇಬೀಡಿನದು, ರಾಜರ ಕಾಲದ್ದು, ಬಹಳ ಹಳೆಯದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

"ಬಸವಣ್ಣಂದು ವಿಮಲಮ್ಮ," ಎಂದೆ ನಾನು. "ನಂದಿ ಮಂಟಪದಲ್ಲಿ ಕೂತವ್ನಲ್ಲ, ಅವನ ಬೆನ್ನ ಮೇಲಿಂದು."

ಚಂದ್ರಿಕಾಳ ಮಿಷನ್ ನಿಂತಿತು. ಪುಷ್ಪಕ್ಕ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ವಿಮಲಮ್ಮ ಕಾಲಿನಿಂದ ಚಪ್ಪಲಿ ಕಳಚಿ ಹೊಸಿಲಾಚೆ ಸರಿಸಿದರು. ಬಟ್ಟೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಇದು ಬ್ಲೌಸಿನ ಬೆನ್ನಿಗೆ ಬೇಡ ಎಂದರು. ನಾನು ಬಟ್ಟೆ ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ.

"ಮಂಟಪದಲ್ಲಿ ಹುಡುಗಿ ಕುರ್ಚಿಗೆ ಒರಗಿ ಕೂತ್ಕೋತಾಳೆ ಕಣೇ. ಸ್ವಾಮಿ ಗೆಜ್ಜೆ ಮೇಲೆ ಒರಗೋದಾ? ತೋಳಿಗೆ ಹಾಕಿ, ಎರಡು ತೋಳಿಗೂ. ನಂಗೂ, ನಮ್ಮ ಅತ್ತಿಗೆಗೂ ಇದೇ ಆಗ್ಲಿ. ಕೈಯಲ್ಲೇ ಆಗ್ಬೇಕು, ಇದಕ್ಕೆ ಮಿಷನ್ ಮುಟ್ಟಿಸಬೇಡಿ."

ಬಟ್ಟೆಯ ಗಂಟನ್ನು ಕಟ್ಟೆಯ ಮೇಲಿಟ್ಟು ಅವರು ಹೋದರು. ಬೆನ್ನು ಹುಡುಕಿಕೊಂಡು ಅಷ್ಟು ಅಲೆದ ಮೇಲೆ ಬೆನ್ನೇ ಬೇಡವಾಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಾನೂ ಮುಮ್ತಾಜೂ ಚೌಕಟ್ಟಿಗೆ ಬಟ್ಟೆ ಬಿಗಿಯತೊಡಗಿದೆವು. ಅವಳು ಎಡತೋಳು, ನಾನು ಬಲತೋಳು. ಮೊದಲ ಗೆಜ್ಜೆ ಹಾಕುವಷ್ಟರಲ್ಲಿ ಪುಷ್ಪಕ್ಕನ ಫೋನ್ ಹೊಡೆದುಕೊಂಡಿತು. ಮಿಷನ್ ಏಜೆಂಟ್. ಆತ ಏನು ಕೇಳಿದನೋ ಕೇಳಿಸಲಿಲ್ಲ. ಪುಷ್ಪಕ್ಕ ಬಾಗಿಲಲ್ಲಿ ನಿಂತು ನಮ್ಮ ಕೋಣೆಯನ್ನು ಒಮ್ಮೆ ನೋಡಿದರು.

"ಜಾಗ ಇಲ್ಲ ಕಣಪ್ಪ," ಎಂದರು. "ಅಲ್ಲಿ ಇಬ್ರು ಕೂತವ್ರೆ."